ಕಾಗದದಲ್ಲಿ ಇಲ್ಲದ ಕೋಣೆ

ಸುರಪುರ
12-1-1998

ದೇವಕಮ್ಮನಿಗೆ,

ಈ ಪತ್ರ ಸೂಗಮ್ಮನದು ಎಂದು ಗೊತ್ತಾದ ಮೇಲೂ ಒಲೆಗೆ ಹಾಕದೆ ಓದುತ್ತಿದ್ದೀಯೆಂದರೆ ಅದು ನನ್ನ ಪುಣ್ಯ. ನಾವಿಬ್ಬರು ಮಾತು ಬಿಟ್ಟು ಆರು ವರ್ಷವಾಯಿತು. ಇಲ್ಲಿಯ ಶಾಲೆಯಲ್ಲಿ ಒಂದೇ ಬುತ್ತಿ ಬಿಚ್ಚಿ ಉಂಡವರು, ಈಗ ಬಸ್ಸಿನಲ್ಲಿ ಎದುರಾದರೆ ಕಿಟಕಿಯ ಕಡೆ ತಿರುಗುತ್ತೇವೆ.

ಸುತ್ತಿ ಬಳಸಿ ಬರೆಯುವುದಿಲ್ಲ. ನಿನಗೆ ಯಾದಗಿರಿಯ ಶಾಲೆಗೆ ವರ್ಗವಾಗಿದೆ, ಶಹಾಪುರದ ಮನೆ ಮಾರುತ್ತೀ ಎಂದು ಕೇಳಿದೆ. ನನ್ನ ಮಗ ಅಮಾತೆಪ್ಪನಿಗೆ ನಿಮ್ಮೂರ ಮಗ್ಗುಲ ಭೀಮರಾಯನಗುಡಿಯ ಕಚೇರಿಯಲ್ಲಿ ಗುಮಾಸ್ತನ ಕೆಲಸ ಸಿಕ್ಕಿದೆ. ಸುರಪುರದಿಂದ ದಿನಾ ಬಸ್ಸಿಗೆ ಓಡಿ ಅವನು ಅರ್ಧ ಆಗಿದ್ದಾನೆ. ಸೊಸೆ ಬಸುರಿ. ನಿನ್ನ ಮನೆಯಿಂದ ಬಸ್ ನಿಲ್ದಾಣ ಹತ್ತಿರ, ದವಾಖಾನೆ ಹತ್ತಿರ, ನಳದ ನೀರೂ ಇದೆ. ಬೇರೆಯವರಿಗೆ ಕೊಡುವ ಬದಲು ನಮಗೆ ಕೊಡು. ಹಳೆಯದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡ.

ನಮ್ಮ ಮನೆಯವರು ಸಾಬಣ್ಣ ಜೀವಮಾನವೆಲ್ಲ ದಸ್ತಾವೇಜು ಬರೆದವರು, ನಿನಗೆ ಗೊತ್ತೇ ಇದೆ. ಅವರು ಮನೆಯ ಕಾಗದಗಳನ್ನು ನೋಡಬೇಕಂತೆ. ನೀವು ಆಮೇಲೆ ಕಟ್ಟಿಸಿದ ಹಿಂದಿನ ಕೋಣೆ, ಬಚ್ಚಲು, ಅಡುಗೆಕಟ್ಟೆ, ಮುಂದಿನ ಕಬ್ಬಿಣದ ಗೇಟು, ಇವಕ್ಕೆ ಪುರಸಭೆಯ ಪರವಾನಗಿ ಮತ್ತು ಸಾಮಾನಿನ ರಸೀದಿ ಇದ್ದರೆ ಅವನ್ನೂ ಕಳಿಸು.

ನಿನ್ನ ಉತ್ತರದ ದಾರಿ ನೋಡುವ,
ಸೂಗಮ್ಮ


ಶಹಾಪುರ
25-1-1998

ಸೂಗಮ್ಮ,

ಒಲೆಗೇ ಹಾಕುವವಳಿದ್ದೆ. ನಗು ಬಂತು, ಅದಕ್ಕೆ ಬಿಟ್ಟೆ. ಊರಲ್ಲಿ ಇಷ್ಟು ಮನೆಗಳಿರುವಾಗ ನಿನಗೆ ನನ್ನ ಮನೆಯೇ ಬೇಕಾಯಿತೇ!

ಹಳೆಯದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡ ಎಂದು ಬರೆದಿದ್ದೀ. ಯಾವುದನ್ನು ಎಂದು ಬರೆದಿಲ್ಲ. ನಾನು ಬರೆಯುತ್ತೇನೆ. ನಿನ್ನ ಅಮಾತೆಪ್ಪನಿಗೂ ನನ್ನ ಭೀಮಮ್ಮನಿಗೂ ನಿಶ್ಚಯವಾಗಿ ವೀಳ್ಯ ಹಂಚಿಯಾಗಿತ್ತು. ಮದುವೆಯ ದಿನ ಹುಡುಕುವುದಷ್ಟೇ ಬಾಕಿ. ನೀನು ಮನೆ ನೋಡುವೆನೆಂದು ಹಿಂದಿನ ಕೋಣೆಗೆ ಹೋದೆ. ಹಲಗೆಯ ಗೋಡೆಯನ್ನು ಬೆರಳಿನಿಂದ ಕುಟ್ಟಿದೆ. "ಏನಿದು ದೇವಕಿ, ಕ್ಯಾಂಪಿನ ಗುಜರಿ ತಂದು ಮನಿ ಮಾಡೀಯೇನು? ಇಂಥಾ ಗುಜರ್‍ಯಾಗ ಬೆಳದ ಹುಡುಗೀನ ಸೊಸಿ ಅಂತ ಹ್ಯಾಂಗ ಕರಕೊಂಡು ಹೋಗಲಿ?" ಎಂದೆ. ಕಲ್ಲಿನ ಗೋಡೆಯಾಗಿದ್ದರೆ ಮಾತು ಅಲ್ಲೇ ಉಳಿಯುತ್ತಿತ್ತು. ಹಲಗೆಯ ಆಚೆ ಚಹಾದ ತಟ್ಟೆ ಹಿಡಿದು ನಿಂತ ಹುಡುಗಿಗೆ ಪ್ರತಿಯೊಂದೂ ಕೇಳಿಸಿತು. ಮಾರನೆಯ ದಿನ ವೀಳ್ಯ ವಾಪಸು ಬಂತು. ನನ್ನ ಗಂಡ ಸತ್ತು ಎರಡು ವರ್ಷ ಆಗಿತ್ತು. ಸತ್ತವನು ಕಟ್ಟಿದ ಮನೆಗೆ ನೀನು ಗುಜರಿ ಎಂದು ಹೆಸರಿಟ್ಟು ಹೋದೆ.

ಈಗ ಅದೇ ಗುಜರಿ ಬೇಕು. ಇರಲಿ. ಮಾರುವವಳಿಗೆ ಸಿಟ್ಟು ಇರಬಾರದು.

ಕಾಗದ ಕೇಳಿದ್ದೀ. ಮಾವನ ಕಾಲದ ಒಂದೇ ಕಾಗದ ಇದೆ: ಮಣ್ಣು ಹೊದೆಸಿದ ಎರಡು ಅಂಕಣದ ಮಾಳಿಗೆ ಮನೆ, ಹಿಂದೆ ಬಯಲು ಹಿತ್ತಲು. ಆಮೇಲಿನದಕ್ಕೆ ಏನೂ ಇಲ್ಲ. ನಮ್ಮವರು, ಅಯ್ಯಪ್ಪ, ಕಾಲುವೆ ಕಟ್ಟುವ ಕ್ಯಾಂಪಿನಲ್ಲಿ ಪಂಪು ನಡೆಸುತ್ತಿದ್ದರು. ಒಂದು ಕಡೆಯ ಕೆಲಸ ಮುಗಿದರೆ ಗುತ್ತೇದಾರ ಕ್ಯಾಂಪು ಎತ್ತುತ್ತಿದ್ದ. ಇಂಜಿನಿಯರು ಇದ್ದ ಮನೆಯ ಬಾಗಿಲು, ಚೌಕಟ್ಟು, ತಗಡು, ನೀರಿನ ಟಾಕಿ ಎಲ್ಲ ಬಯಲಿನಲ್ಲಿ ಸಾಲಾಗಿ ಇಟ್ಟು ಹರಾಜಿನ ಸವಾಲು ಕೂಗುತ್ತಿದ್ದರು. ಕೂಗಿದವನು ದುಡ್ಡು ಕೊಟ್ಟು ಬಂಡಿಗೆ ಹೇರುತ್ತಿದ್ದ. ರಸೀದಿ ಕೊಡುವವರು ಯಾರು? ನನ್ನ ತಮ್ಮ ಹುಲಗಪ್ಪ ಅಲ್ಲೇ ಫಿಟ್ಟರ್ ಆಗಿದ್ದ, ಅವನೇ ತಂದು ಕೂಡಿಸಿದ. ಪುರಸಭೆಯವರು ಕೇಳಲಿಲ್ಲ, ನಾವು ಹೇಳಲಿಲ್ಲ.

ಇಷ್ಟು ಸಾಕೆಂದರೆ ಬಂದು ನೋಡಿ.

ದೇವಕಮ್ಮ


ಸುರಪುರ
18-2-1998

ದೇವಕಮ್ಮ,

ಮೊನ್ನೆ ನಾವು ಬಂದಾಗ ಚಹಾ ಕೊಟ್ಟೆ, ಸಂತೋಷ. ಒಂದು ಮಾತೂ ಆಡಲಿಲ್ಲ, ಅದೂ ಸರಿ. ಸೊಸೆಗೆ ಹಿಂದಿನ ಕೋಣೆ ಬಹಳ ಹಿಡಿಸಿದೆ. ತೊಟ್ಟಿಲು ಎಲ್ಲಿ ಕಟ್ಟುವುದೆಂದು ಬಸ್ಸಿನಲ್ಲೇ ಹೇಳಿದಳು. ಗಾಜಿನ ಕಿಟಕಿಯ ಬೆಳಕು ಮಗುವಿನ ಮೇಲೆ ಬೀಳಬಾರದಂತೆ.

ಬೆಲೆಯ ವಿಷಯ. ನೀನು ಹೇಳಿದ್ದು ಇಡೀ ಮನೆಯ ಬೆಲೆ. ನಮ್ಮವರು ಒಪ್ಪುವುದಿಲ್ಲ. ಪರವಾನಗಿ ಇಲ್ಲದೆ ಕಟ್ಟಿದ್ದನ್ನು ನಾಳೆ ಪುರಸಭೆಯವರು ಬಂದು ಕೆಡವಿದರೆ ನಷ್ಟ ಯಾರಿಗೆ ಎಂದು ಕೇಳುತ್ತಾರೆ. ಅವರ ಮಾತನ್ನೇ ಬರೆಯುತ್ತೇನೆ, ಬೇಜಾರು ಮಾಡಬೇಡ: "ಕಾಗದದಾಗ ಇಲ್ಲದ್ದು ಮನ್ಯಾಗೂ ಇಲ್ಲ ಅಂತ ತಿಳಿ. ಇಲ್ಲದ್ದಕ್ಕ ನಾ ರೊಕ್ಕ ಕೊಡಂಗಿಲ್ಲ." ಹಾಗಾಗಿ ಎರಡು ಅಂಕಣಕ್ಕೂ ಬಯಲು ಹಿತ್ತಲಿಗೂ ಎಷ್ಟೋ ಅಷ್ಟು. ನೀನು ಹೇಳಿದ್ದರ ಅರ್ಧವೂ ಆಗುವುದಿಲ್ಲ, ನನಗೂ ಗೊತ್ತು. ಆದರೆ ಕಾಗದವಿಲ್ಲದ ಮನೆಗೆ ಬೇರೆ ಯಾರು ಬರುತ್ತಾರೆ ಹೇಳು? ಜೂನ್ ಬಂದರೆ ನೀನು ಯಾದಗಿರಿಯಲ್ಲಿ ಇರಬೇಕು.

ಖರೀದಿ ಪತ್ರ ನಮ್ಮವರೇ ಬರೆಯುತ್ತಾರೆ. ಮುಂದೆ ಯಾರೂ ತಕರಾರು ಎತ್ತಬಾರದೆಂದು ಒಂದು ಸಾಲು ಸೇರಿಸುತ್ತಾರಂತೆ: "ಈ ಜಾಗದಲ್ಲಿ ಎರಡು ಅಂಕಣದ ಮಾಳಿಗೆ ಬಿಟ್ಟು ಬೇರೆ ಯಾವ ಕಟ್ಟಡವೂ ಇರುವುದಿಲ್ಲ, ಬೇರೆ ಯಾವುದಕ್ಕೂ ಬೆಲೆ ಕೊಟ್ಟಿರುವುದಿಲ್ಲ." ಇದರಿಂದ ನೋಂದಣಿಯ ಖರ್ಚೂ ಉಳಿಯುತ್ತದೆ.

ಜಲ್ದಿ ತಿಳಿಸು.

ಸೂಗಮ್ಮ


ಶಹಾಪುರ
1-3-1998

ತಮ್ಮ ಹುಲಗಪ್ಪನಿಗೆ,

ರಾಮಸಮುದ್ರದಲ್ಲಿ ನೀನು, ನಿನ್ನ ಹೆಂಡತಿ, ಮಕ್ಕಳು ಆರಾಮಿದ್ದೀರೆಂದು ತಿಳಿದಿದ್ದೇನೆ. ನಾನು ಆರಾಮಿಲ್ಲ. ಮೈಗೆ ಏನೂ ಆಗಿಲ್ಲ, ಸಿಟ್ಟಿನಿಂದ ಅನ್ನ ಇಳಿಯುತ್ತಿಲ್ಲ.

ಸೂಗಮ್ಮನ ಪತ್ರ ಇದರ ಜೊತೆ ಇಟ್ಟಿದ್ದೇನೆ, ಓದು. ಆವತ್ತು ಗುಜರಿ ಎಂದು ನನ್ನ ಮಗಳನ್ನು ಬಿಟ್ಟರು. ಇವತ್ತು ಇಲ್ಲವೇ ಇಲ್ಲ ಎಂದು ಪುಕ್ಕಟೆ ಕೇಳುತ್ತಿದ್ದಾರೆ. ಇಲ್ಲದ ಕೋಣೆಯಲ್ಲಿ ತೊಟ್ಟಿಲು ಕಟ್ಟುತ್ತಾರಂತೆ! ಆ ತೊಟ್ಟಿಲು ನನ್ನ ಭೀಮಮ್ಮ ಕಟ್ಟಬೇಕಾದದ್ದು.

ನಾನು ಒಪ್ಪಿಕೊಳ್ಳುತ್ತೇನೆ. ಸಾಬಣ್ಣ ಬರೆದ ಸಾಲಿಗೆ ಒಂದು ಅಕ್ಷರವೂ ಅಡ್ಡ ಹೇಳುವುದಿಲ್ಲ. ಅವರಿಗೆ ಕಾಗದದಲ್ಲಿ ಇದ್ದದ್ದು ಬೇಕು. ಅಷ್ಟನ್ನೇ ಕೊಡುತ್ತೇನೆ.

ಕೋಣೆ ಕೂಡಿಸುವಾಗ ಅಯ್ಯಪ್ಪ ನಿನ್ನ ಮೇಲೆ ರೇಗಿದ್ದು ನೆನಪಿದೆಯೇ? ಮೊಳೆ ಹೊಡೆದು, ಗಾರೆ ಹಾಕಿ ಭದ್ರ ಮಾಡು ಎಂದರೆ ನೀನು ಎಲ್ಲಕ್ಕೂ ಬೋಲ್ಟು ಹಾಕುತ್ತಿದ್ದೆ. "ಮಾವ, ನನ್ನ ಕೈಗಿ ಕ್ಯಾಂಪಿನ ಕೆಲಸ ಒಂದಽ ಗೊತ್ತು. ನಾವು ಕೂಡಿಸಿದ್ದು ಬಿಚ್ಚಾಕೂ ಬರಬೇಕು" ಎಂದೆ. ಅವರು ನಕ್ಕರು. ಆ ಕೈ ಈಗ ಬೇಕಾಗಿದೆ. ನಮ್ಮ ಶಾಲೆಯ ಪರೀಕ್ಷೆ ಮುಗಿದ ಮೇಲೆ ನಿನ್ನ ಜೊತೆಯವರನ್ನು ಕರೆದುಕೊಂಡು ಬಾ. ಕ್ಯಾಂಪು ಎತ್ತಿದ ಹಾಗೆ ಎತ್ತಬೇಕು. ಒಂದು ತಿರುಪು ಉಳಿಯಬಾರದು.

ನಿನ್ನ ಅಕ್ಕ,
ದೇವಕಮ್ಮ


ರಾಮಸಮುದ್ರ
9-3-1998

ಅಕ್ಕನಿಗೆ ಹುಲಗಪ್ಪನ ನಮಸ್ಕಾರ.

ಪತ್ರ ಮುಟ್ಟಿತು. ಬರುತ್ತೇನೆ. ಬಿಚ್ಚುವುದು ಒಂದು ದಿನದ ಕೆಲಸ, ನಾವು ಇಡೀ ಊರಿನಂಥ ಕ್ಯಾಂಪುಗಳನ್ನು ಎತ್ತಿದವರು. ಸಾಬಣ್ಣನ ಮುಖ ನೋಡಲು ನನಗೂ ಆಸೆ ಇದೆ.

ಒಂದು ಮಾತು. ಭೀಮಮ್ಮನನ್ನು ಕೇಳಿದೆಯಾ? ಆ ಕೋಣೆಯಲ್ಲಿ ಇದ್ದವಳು ಅವಳು. ಗುರುಮಠಕಲ್‌ಗೆ ಒಂದು ಪತ್ರ ಹಾಕು, ಅವಳು ಹೂಂ ಅಂದ ಮೇಲೆ ಬೋಲ್ಟು ಬಿಚ್ಚುವ ಪಾನಾ ಹಿಡಿಯುತ್ತೇನೆ.

ಹುಲಗಪ್ಪ


ಶಹಾಪುರ
7-4-1998

ಸೂಗಮ್ಮ,

ನಿನ್ನೆ ನೋಂದಣಿ ಸುಸೂತ್ರ ಮುಗಿಯಿತು. ನಿನ್ನ ಗಂಡ ಆ ಸಾಲನ್ನು ಓದುವಾಗ ನಾನು ಮತ್ತೊಮ್ಮೆ ಓದಿ ಎಂದು ಕೇಳಿದ್ದಕ್ಕೆ ನೀನು ಹುಬ್ಬು ಏರಿಸಿದೆ. "ಯಾಕವ್ವ, ಕಿವಿ ಕೇಳಸಂಗಿಲ್ಲೇನು?" ಎಂದೆ. ಕೇಳಿಸಿತು ಸೂಗಮ್ಮ, ಚೆನ್ನಾಗಿ ಕೇಳಿಸಿತು. ನನಗೆ ಆ ಸಾಲು ಇಷ್ಟವಾಯಿತು, ಅಷ್ಟೇ.

ಮಾತಾದ ಹಾಗೆ ಬಸವ ಜಯಂತಿಯ ಬೆಳಿಗ್ಗೆ ಮನೆ ನಿಮ್ಮದು. ಅಲ್ಲಿಯವರೆಗೆ ಕಬ್ಜಾ ನನ್ನದು. ಅಷ್ಟರಲ್ಲಿ ನನ್ನ ಸಾಮಾನು ಸಾಗಿಸುತ್ತೇನೆ. ಬೀಗದ ಕೈಯನ್ನು ಪಕ್ಕದ ಮನೆಯ ಚಾಂದಬೀಯ ಕೈಗೆ ಕೊಟ್ಟಿರುತ್ತೇನೆ. ಸೊಸೆಯನ್ನು ಹುಷಾರಾಗಿ ಕರೆತನ್ನಿ.

ದೇವಕಮ್ಮ


ಶಹಾಪುರ
2-5-1998

ದೇವಕಿ,

ನೀನು ಹೆಂಗಸೇ? ನಿನ್ನ ಹೊಟ್ಟೆಯಲ್ಲಿ ಇಷ್ಟು ವಿಷ ಇತ್ತೇ?

ಹೊಸ ಪಾತ್ರೆಯಲ್ಲಿ ಹಾಲು ಹಿಡಿದುಕೊಂಡು ಬೀಗರ ಸಮೇತ ಬಂದೆವು. ದೂರದಿಂದಲೇ ಗೇಟು ಕಾಣಲಿಲ್ಲ. ಬೇರೆ ಓಣಿಗೆ ಬಂದೆವೇನೋ ಎಂದು ನಾನು ಹಿಂದೆ ತಿರುಗಿ ನೋಡಿದೆ. ಒಳಗೆ ಹೋದರೆ ನೆಲದ ಪರಸಿ ಕಲ್ಲು ಇಲ್ಲ, ಬರೀ ಮಣ್ಣು. ಅಡುಗೆಕಟ್ಟೆ ಇಲ್ಲ. ಬಚ್ಚಲು ಇಲ್ಲ, ಟಾಕಿ ಇಲ್ಲ. ಹಿಂದಿನ ಕೋಣೆ ಇದ್ದಲ್ಲಿ ಆಕಾಶ. ಅಲ್ಲೊಂದು ಕೋಣೆ ಇತ್ತೆಂದು ಹೇಳಿದರೆ ಯಾರೂ ನಂಬುವುದಿಲ್ಲ, ಅಷ್ಟು ನೀಟಾಗಿ ಗುಡಿಸಿ ಹೋಗಿದ್ದೀ. ನಮ್ಮ ಬೀಗತಿ ಎಲ್ಲರೆದುರು ಕೇಳಿದಳು, "ಇದಽ ಏನ್ರಿ ನೀವು ಹೇಳಿದ್ದ ಮನಿ? ದನದ ಕೊಟ್ಟಿಗಿ ಚೊಲೊ ಐತಿ" ಎಂದು. ನಾನು ಹಿತ್ತಲಿನಲ್ಲಿ ಮೂರು ಕಲ್ಲು ಹೂಡಿ ಹಾಲು ಉಕ್ಕಿಸಿದೆ. ಹೊಗೆಗೆ ಸೊಸೆ ಕೆಮ್ಮಿ ಕೆಮ್ಮಿ ಅತ್ತಳು.

ಪೊಲೀಸರ ಹತ್ತಿರ ಹೋಗೋಣ ಎಂದು ಅಮಾತೆಪ್ಪ ಎದ್ದ. ನಮ್ಮವರು ಖರೀದಿ ಪತ್ರ ತೆಗೆದು ತಮ್ಮ ಸಾಲನ್ನು ತಾವೇ ಓದಿಕೊಂಡರು. ಮಗನನ್ನು ಕೂರಿಸಿದರು.

ಇದಕ್ಕೆ ನೀನು ಅನುಭವಿಸುತ್ತೀ.

ಸೂಗಮ್ಮ


ಯಾದಗಿರಿ
10-5-1998

ಸೂಗಮ್ಮ,

ಎರಡು ಅಂಕಣ ಇದೆಯೇ? ಇದೆ. ಹಿತ್ತಲು ಇದೆಯೇ? ಇದೆ. ಮತ್ತೇನು ಹೋಯಿತು ನಿನ್ನದು? ಹೋದದ್ದಕ್ಕೆ ನೀವು ಬೆಲೆ ಕೊಟ್ಟಿಲ್ಲ ಎಂದು ನಿನ್ನ ಗಂಡನೇ ಬರೆದಿದ್ದಾನೆ, ನೀನೇ ಸಾಕ್ಷಿ ಹಾಕಿದ್ದೀ.

ಹುಲಗಪ್ಪನ ಜನ ಬೋಲ್ಟು ಬಿಚ್ಚುವಾಗ ನಾನು ಕಟ್ಟೆಯ ಮೇಲೆ ಕೂತು ನೋಡಿದೆ. ಒಂದೊಂದು ಹಲಗೆ ಕಳಚಿದಾಗಲೂ ನೀನು ಬೆರಳಿನಿಂದ ಕುಟ್ಟಿದ ಸಪ್ಪಳ ನನ್ನ ಕಿವಿಯಿಂದ ಇಳಿಯುತ್ತಾ ಹೋಯಿತು. ಆರು ವರ್ಷದ ಮೇಲೆ ಆ ದಿನ ಹೊಟ್ಟೆ ತುಂಬ ಉಂಡೆ. ಚಾಂದಬೀ "ಪಾಪ ಅಲ್ಲೇನ್ರಿ ಟೀಚರಮ್ಮ, ಬಸುರಿ ಹೆಂಗಸು ಬರಾಕಿ" ಎಂದಳು. ನನಗೆ ಪಾಪ ಅನ್ನಿಸಲಿಲ್ಲ. ನನ್ನ ಮಗಳು ತಟ್ಟೆ ಹಿಡಿದು ನಿಂತಾಗ ನಿನಗೆ ಅನ್ನಿಸಿತ್ತೇ?

ಎಲ್ಲ ಸಾಮಾನೂ ಗುರುಮಠಕಲ್‌ಗೆ ಹೋಗಿದೆ, ನನ್ನ ಭೀಮಮ್ಮನ ಮನೆಗೆ. ಗುಜರಿ ತನ್ನವರ ಹತ್ತಿರ ಹೋಯಿತು. ನೀನು ಸುಖವಾಗಿರು.

ದೇವಕಮ್ಮ


ಗುರುಮಠಕಲ್
14-6-1998

ಅವ್ವನಿಗೆ,

ಲಾರಿ ಬಂದು ಒಂದೂವರೆ ತಿಂಗಳಾಯಿತು. ಎರಡು ಸಲ ಬರೆದು ಹರಿದು ಹಾಕಿದೆ.

ನಮ್ಮದು ಬಾಡಿಗೆ ಮನೆ ಎಂದು ನಿನಗೆ ಗೊತ್ತು. ಹಲಗೆ, ತಗಡು, ಚೌಕಟ್ಟು ಎಲ್ಲ ಓಣಿಯ ಗೋಡೆಗೆ ಒರಗಿಸಿ ಇಟ್ಟಿದ್ದೇವೆ. ಮನೆಯ ಒಡತಿ ದಿನಾ ತೆಲುಗಿನಲ್ಲಿ ಬೈಯುತ್ತಾಳೆ. ನಿನ್ನೆಯ ಮಳೆಗೆ ಹಲಗೆಗಳು ಉಬ್ಬಿವೆ. ಕಿಟಕಿಯ ಗಾಜು ದಾರಿಯಲ್ಲೇ ಒಡೆದಿತ್ತು.

ಹುಲಗಪ್ಪ ಮಾವ ಹೇಳಿದ, ನನ್ನನ್ನು ಕೇಳಿದೆಯೆಂದೂ ನಾನು ಹೂಂ ಎಂದೆನೆಂದೂ ನೀನು ಅವನಿಗೆ ಹೇಳಿದೆಯಂತೆ. ನೀನು ನನ್ನನ್ನು ಯಾವಾಗ ಕೇಳಿದೆ?

ಅವ್ವ, ಆ ಹುಡುಗನನ್ನು ನಾನು ಆ ವರ್ಷವೇ ಮರೆತೆ. ನೋಡಲು ಬಂದ ದಿನ ಅವನು ನನ್ನ ಮುಖ ನೋಡಲಿಲ್ಲ, ಕೂತಷ್ಟು ಹೊತ್ತೂ ತಲೆಯ ಮೇಲಿನ ಫ್ಯಾನು ನೋಡಿದ. ಸೂಗಮ್ಮ ಅತ್ತೆಯ ಮಾತಿಗೆ ಅತ್ತದ್ದು ನಿಜ, ಆಮೇಲೆ ನನ್ನ ಸಂಸಾರ, ನನ್ನ ಮಗು ಎನ್ನುವುದರಲ್ಲಿ ಆ ನೋವೂ ಹೋಯಿತು. ಅದನ್ನು ಉಣ್ಣಿಸಿ ಬೆಳೆಸಿದವಳು ನೀನು.

ಕೋಣೆಯನ್ನು ಮಾತ್ರ ಮರೆತಿರಲಿಲ್ಲ. ಮಾಳಿಗೆಯ ಮಣ್ಣು ಪುಸ್ತಕದ ಮೇಲೆ ಉದುರುತ್ತದೆಂದು ನಾನು ಅತ್ತದ್ದಕ್ಕೆ ಅಪ್ಪ ಅದನ್ನು ಕೂಡಿಸಿದ. ಕೊನೆಗೆ ಕಾಯಿಲೆ ಬಿದ್ದಾಗ ಅಲ್ಲೇ ಹಾಸಿಗೆ ಹಾಕಿಸಿಕೊಂಡ. ನೀನು ಶಾಲೆಗೆ ಹೋಗುತ್ತಿದ್ದೆ, ಅವನ ಹತ್ತಿರ ನಾನಿರುತ್ತಿದ್ದೆ. "ಕಿಟಕಿ ತೆಗಿ ಭೀಮಿ, ಗಾಳಿ ಬರಲಿ" ಎನ್ನುತ್ತಿದ್ದ. ನೀನು ಮನೆ ಮಾರುತ್ತೀ ಎಂದು ತಿಳಿದಾಗ, ತೆಗೆದುಕೊಂಡವರು ಯಾರೇ ಆಗಲಿ, ಶಹಾಪುರಕ್ಕೆ ಹೋದಾಗ ಒಂದು ಲೋಟ ನೀರು ಕೇಳುವ ನೆವದಲ್ಲಿ ಒಳಗೆ ಹೋಗಿ ಆ ಕಿಟಕಿಯ ಹತ್ತಿರ ಸ್ವಲ್ಪ ಹೊತ್ತು ಕೂತು ಬರಬಹುದು ಅಂದುಕೊಂಡಿದ್ದೆ. ಸೂಗಮ್ಮ ಅತ್ತೆಯೇ ಆದರೂ ನೀರಿಗೆ ಇಲ್ಲ ಅನ್ನುತ್ತಿರಲಿಲ್ಲ.

ಅವಳಿಗೆ ಬೇರೆ ಮನೆ ಸಿಗುತ್ತದೆ. ಅಪ್ಪನ ಕೋಣೆ ಹೋದದ್ದು ನನಗೆ. ನೀನು ಅವಳನ್ನು ಹೊಡೆಯಲು ಹೋಗಿ ನನ್ನನ್ನು ಹೊಡೆದೆ.

ಸದ್ಯಕ್ಕೆ ಇಲ್ಲಿಗೆ ಬರಬೇಡ. ನಾನೇ ಬರೆಯುತ್ತೇನೆ.

ಭೀಮಮ್ಮ


ಯಾದಗಿರಿ
3-8-1998

ಸೂಗಮ್ಮ,

ನಿನಗೆ ಮತ್ತೆ ಬರೆಯುವುದಿಲ್ಲ ಎಂದು ಇದ್ದೆ. ಬರೆಯುತ್ತಿದ್ದೇನೆ. ಇದಕ್ಕೆ ಕ್ಷಮೆ ಎಂದು ಹೆಸರಿಡಬೇಡ, ನಿನ್ನ ಮೇಲಿನ ಸಿಟ್ಟು ನನಗೆ ಇನ್ನೂ ಹಾಗೇ ಇದೆ.

ಹಿಂದಿನ ಕೋಣೆಯನ್ನು ಇದ್ದ ಹಾಗೆ ಮತ್ತೆ ಕೂಡಿಸಿಕೊಡುತ್ತೇನೆ. ಉಬ್ಬಿದ ಹಲಗೆಗಳನ್ನು ತೆಗೆದು ಹೊಸದು ಹಾಕಿಸುತ್ತೇನೆ. ಹುಲಗಪ್ಪನೇ ಬರುತ್ತಾನೆ. ನಿಮ್ಮಿಂದ ಏನೂ ಬೇಡ. ಬೇಕಾದರೆ ಪುರಸಭೆಗೆ ಓಡಾಡಿ ಪರವಾನಗಿಯನ್ನೂ ನಾನೇ ತರುತ್ತೇನೆ. ತೊಟ್ಟಿಲು ಅಲ್ಲೇ ಕಟ್ಟಿಕೊಳ್ಳಿ.

ಪ್ರತಿಯಾಗಿ ಒಂದೇ. ಭೀಮಮ್ಮ ಯಾವಾಗಲಾದರೂ ಬಂದರೆ ಆ ಕೋಣೆಯಲ್ಲಿ ಸ್ವಲ್ಪ ಹೊತ್ತು ಕೂರಲು ಬಿಡು. ಅವಳು ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಅವಳ ಓಣಿಯ ಟೆಲಿಫೋನ್ ಅಂಗಡಿಗೆ ಫೋನ್ ಮಾಡಿ ಕರೆಸಿದರೆ ಮನೆಯಲ್ಲಿ ಇಲ್ಲ ಎಂದು ಹೇಳಿಸುತ್ತಾಳೆ. ನನಗೆ ಇರುವುದು ಅವಳೊಬ್ಬಳೇ. ನಾನು ಯಾರ ಮುಂದೆಯೂ ಇಷ್ಟು ಬಗ್ಗಿದವಳಲ್ಲ, ಅದು ನಿನಗೆ ಗೊತ್ತು. ಉತ್ತರ ಬರೆ.

ದೇವಕಮ್ಮ


ಶಹಾಪುರ
20-9-1998

ದೇವಕಮ್ಮ,

ನಿನ್ನ ಪತ್ರ ಬಂದಾಗ ಸೊಸೆ ಹೆತ್ತು ಬಾಣಂತನದಲ್ಲಿ ಇದ್ದಳು, ಉತ್ತರಕ್ಕೆ ತಡವಾಯಿತು. ಗಂಡು ಮಗು. ಮಾಳಿಗೆಯ ಮಣ್ಣು ತೊಟ್ಟಿಲಿಗೆ ಉದುರುತ್ತದೆಂದು ಮೇಲೆ ಸೀರೆ ಕಟ್ಟಿದ್ದೇವೆ. ಮಳೆ ಬಂದರೆ ತೊಟ್ಟಿಲು ಎತ್ತಿಕೊಂಡು ಮೂಲೆ ಮೂಲೆ ತಿರುಗುತ್ತೇವೆ. ನಿನಗೆ ಖುಷಿಯಾಗಲಿ ಎಂದೇ ಬರೆದೆ.

ಆದರೂ ನಿನ್ನ ಕೋಣೆ ಬೇಡ. ಬಿಚ್ಚಲು ಬರುವ ಹಾಗೆ ಕಟ್ಟುವವರು ನೀವು. ಅದರ ಕೆಳಗೆ ನನ್ನ ಮೊಮ್ಮಗ ಮಲಗುವುದಿಲ್ಲ. ದೀಪಾವಳಿ ಆದ ಮೇಲೆ ನಾವೇ ಕಲ್ಲಿನಲ್ಲಿ ಕಟ್ಟಿಸುತ್ತೇವೆ.

ಭೀಮಮ್ಮನ ವಿಷಯ. ಅವಳು ಗಣೇಶನ ಹಬ್ಬ ಆದ ವಾರ ಬಂದಿದ್ದಳು. ನಿನ್ನ ಜೊತೆ ಮಾತು ಬಿಟ್ಟಿದ್ದಾಳೆಂದು ನಿನ್ನ ಪತ್ರದಿಂದ ತಿಳಿದಿತ್ತು, ಬಂದದ್ದನ್ನು ನಿನಗೆ ಹೇಳಬೇಡ ಎಂದು ಅವಳೂ ಹೇಳಿದಳು. ನಾನು ಹೇಳುತ್ತಿದ್ದೇನೆ. ಬಾಗಿಲಲ್ಲಿ ನಿಂತು ನೀರು ಕೇಳಿದಳು. ಗುರುತು ಹತ್ತಿದ ಮೇಲೆ ಒಳಗೆ ಕರೆದೆ. ನೀರು ಕುಡಿದು ಹಿತ್ತಲಿಗೆ ಹೋದಳು. ಬರೀ ನೆಲದ ಮೇಲೆ, ಅಪ್ಪನ ಹಾಸಿಗೆ ಇದ್ದ ಜಾಗ ನೋಡಿಕೊಂಡು ಕೂತಳು. ನಾನೂ ಹೋಗಿ ಬಾಜು ಕೂತೆ. ಆವತ್ತು ಆಡಿದ ಮಾತಿಗೆ ನನ್ನ ಮೇಲೆ ಸಿಟ್ಟು ಐತೇನವ್ವ ಎಂದು ಕೇಳಿದೆ. "ನಿಮ್ಮ ಮ್ಯಾಲಿಂದು ಯಾವಾಗೋ ಹೋತ್ರಿ ಅತ್ತಿ" ಎಂದಳು. ಆಮೇಲೆ ಇಬ್ಬರೂ ಅತ್ತೆವು.

ಒತ್ತಾಯ ಮಾಡಿದ್ದಕ್ಕೆ ರೊಟ್ಟಿ ಉಂಡಳು. ನನ್ನ ಮೊಮ್ಮಗನಿಗೆ ಎಣ್ಣೆ ಹಚ್ಚಿ ಎರೆದಳು, ತೊಟ್ಟಿಲು ತೂಗಿ ಮಲಗಿಸಿದಳು. ಹೊರಡುವಾಗ ಸೊಸೆ ಕುಪ್ಪಸದ ಖಣ ಕೊಟ್ಟಳು. ದೀಪಾವಳಿಗೆ ಗಂಡನನ್ನೂ ಮಗುವನ್ನೂ ಕರೆದುಕೊಂಡು ಇಲ್ಲಿಗೇ ಬರುತ್ತೇನೆ ಎಂದಿದ್ದಾಳೆ. ನನಗೆ ಹೆಣ್ಣುಮಕ್ಕಳಿಲ್ಲ, ನಿನಗೆ ಗೊತ್ತು. ಹಬ್ಬಕ್ಕೆ ಅವಳಿಗೆ ಸೀರೆ ತೆಗೆದಿಟ್ಟಿದ್ದೇನೆ.

ನೀನು ಮಾತ್ರ ಬರಬೇಡ.

ಸೂಗಮ್ಮ